ಗೆಂಡೆ ಉಂಡೆಗೆ ಎಣ್ಣೆ ಸುರಿಯುವ ಮುನ್ನ ಇದನ್ನೊಮ್ಮೆ ಓದಿ

ಅರ್ಧ ಕಿಲೋ ಹಿಟ್ಟಿಗೆ 100 ಮಿ.ಲೀ. ಮೀನೆಣ್ಣೆ, ಮೇಲೆ ಎರಡು ಚಮಚ ಲವಂಗದೆಣ್ಣೆ, ಬೇಯಿಸಿದ ಮೇಲೆ ಮತ್ತೆ ಒಂದು ವಾರ ಅದೇ ಎಣ್ಣೆಯಲ್ಲಿ ನೆನೆಸುವುದು. ಗೆಂಡೆ ಮೀನಿಗೆ ಎರೆಯಾಗಿ ಕುದಿಸಿ ಮಾಡುವ ಹಿಟ್ಟಿನ ಉಂಡೆಗೆಂದು ಗಾಳ ಹಾಕುವವರ ನಡುವೆ ಓಡಾಡುತ್ತಿರುವ ಈ ಹದವನ್ನು ದಯವಿಟ್ಟು ಮಾಡಲು ಹೋಗಬೇಡಿ. ಮಾಡಿದ್ದು ಹೀಗೆ ಕೆಟ್ಟಿತು: ಕುದಿಯುವ ನೀರಿಗೆ ಬಿಟ್ಟ ಉಂಡೆಗಳಲ್ಲಿ ಒಂದಷ್ಟು ಪಾತ್ರೆಯಲ್ಲೇ ಬಿರಿದವು. ಉಳಿದವಕ್ಕೆ ಸೂಜಿ ಚುಚ್ಚಿದರೆ ಎರಡು ಹೋಳು. ಹೇಗೋ ಗಟ್ಟಿಯಾಗಿ ನಿಂತವನ್ನು ಎಸೆದಾಗ ನೀರ ಮೇಲೆ ಬಣ್ಣಬಣ್ಣದ ಎಣ್ಣೆ ಪದರ ಹರಡಿತು, ಅದಕ್ಕೆ ಜಿಲೇಬಿ ಮೀನಿನ ಮರಿಗಳು ಮುತ್ತಿಕೊಂಡವು, ಗೆಂಡೆಯ ಸುಳಿವೇ ಇಲ್ಲ. ಅದೇ ದಂಡೆಯಲ್ಲಿ ಬರೀ ಹಿಂಡಿ, ರಾಗಿಹಿಟ್ಟು ಕಲಸಿ ಕಟ್ಟಿದ ಗಾಳಗಳಿಗೆ ಎಳೆತ ಬರುತ್ತಲೇ ಇತ್ತು.

ಎಣ್ಣೆಯ ವಾಸನೆ ನಮ್ಮ ಮೂಗಿಗೆ ಜೋರಾಗಿ ಬಡಿಯುವುದರಿಂದ ಮೀನಿಗೂ ಹಾಗೇ ಅನ್ನಿಸುತ್ತದೆ ಎಂದುಕೊಳ್ಳುವುದೇ ಮೂಲ ತಪ್ಪು. ಮೀನಿಗೆ ತಿಳಿಯುವುದು ನೀರಿನಲ್ಲಿ ಕರಗಿದ್ದು. ಹಿಂಡಿ, ಸೋಯಾ, ಒಣಸಿಗಡಿ ಪುಡಿಯಿಂದ ಬಿಡುಗಡೆಯಾಗುವ ಅಮೈನೋ ಆಮ್ಲಗಳು, ಸಕ್ಕರೆ, ಉಪ್ಪು ಕರಗುತ್ತವೆ, ಎಣ್ಣೆ ಕರಗುವುದಿಲ್ಲ. ಅದರ ಸಾಂದ್ರತೆ ಸುಮಾರು 0.92, ಅಂದರೆ ಬಿಟ್ಟಲ್ಲಿಂದ ನೇರ ಮೇಲಕ್ಕೆ. ಸಾಮಾನ್ಯ ಗೆಂಡೆ ಮತ್ತು ಮೃಗಾಲ್ ಮೇಯುವುದು ತಳದಲ್ಲಿ. ನಿಮ್ಮ ದುಬಾರಿ ಎಣ್ಣೆ ಹೋಗಿ ಸೇರುವುದು ಅವು ಇಲ್ಲದ ಕಡೆಗೆ. ಅದಕ್ಕಿಂತ ಕೆಟ್ಟದ್ದೆಂದರೆ, ಹಿಟ್ಟಿನ ಪ್ರತಿ ಕಣಕ್ಕೂ ಎಣ್ಣೆ ಹತ್ತಿಕೊಂಡರೆ ನೀರು ಒಳಗಿಳಿಯುವುದಿಲ್ಲ, ಒಳಗಿನ ರುಚಿ ಹೊರಗೂ ಬರುವುದಿಲ್ಲ. ಗೆಂಡೆ ಎರೆಯನ್ನು ಬಾಯಿಗೆ ಎಳೆದುಕೊಂಡು ರುಚಿ ನೋಡಿ, ಹಿಡಿಸದಿದ್ದರೆ ಆ ಕ್ಷಣವೇ ಉಗುಳುತ್ತದೆ. ಮೀಸೆ, ತುಟಿ, ಗಂಟಲು ಎಲ್ಲದರಲ್ಲೂ ಅದಕ್ಕೆ ರುಚಿಮೊಗ್ಗುಗಳಿವೆ. ಎಣ್ಣೆಗವಚ ತೊಟ್ಟ ಉಂಡೆ ಆ ಪರೀಕ್ಷೆಯಲ್ಲಿ ಬೀಳುತ್ತದೆ.

ನಂಬಿಕೆ ಬರದಿದ್ದರೆ ಎರಡು ಗಾಜಿನ ಲೋಟ ಸಾಕು. ಕೆರೆ ನೀರು ತುಂಬಿ, ಒಂದು ಲೋಟಕ್ಕೆ ಎಣ್ಣೆ ಉಂಡೆ, ಇನ್ನೊಂದಕ್ಕೆ ಎಣ್ಣೆಯಿಲ್ಲದ್ದು ಹಾಕಿ ನಾಲ್ಕು ಗಂಟೆ ಬಿಡಿ. ಎಣ್ಣೆಯಿಲ್ಲದ್ದರ ಸುತ್ತ ನೀರು ಮಸುಕಾಗಿರುತ್ತದೆ, ಉಂಡೆಯ ಹೊರಮೈ ಒತ್ತಿದರೆ ಮೆತ್ತಗೆ ತಗ್ಗುತ್ತದೆ. ಎಣ್ಣೆ ಉಂಡೆಯ ಲೋಟದಲ್ಲಿ ಮೇಲೆ ಹೊಳೆಯುವ ಉಂಗುರ, ಕೆಳಗೆ ತಿಳಿನೀರು. ಉಂಡೆ ಕೊಯ್ದು ನೋಡಿದರೆ ಒಳಗೆ ಒಣಗಿದ ಹಿಟ್ಟು ಹಾಗೇ ಇರುತ್ತದೆ.

ಪ್ರಮಾಣದ ವಿಷಯಕ್ಕೆ ಬರೋಣ. ಒಣಹಿಟ್ಟು ಒಂದು ಕಿಲೋ ಇದ್ದರೆ ಸೇರಿಸುವ ಎಣ್ಣೆ 20ರಿಂದ 30 ಮಿ.ಲೀ. ದಾಟದಿರಲಿ. ಇಲ್ಲೊಂದು ಲೆಕ್ಕ ಎಲ್ಲರೂ ಮರೆಯುತ್ತಾರೆ: ಎಕ್ಸ್‌ಪೆಲ್ಲರ್ ಯಂತ್ರದಲ್ಲಿ ಹಿಂಡಿದ ಕಡಲೆಕಾಯಿ ಹಿಂಡಿಯಲ್ಲಿ ಈಗಾಗಲೇ ಶೇ. 7–8ರಷ್ಟು ಎಣ್ಣೆ ಉಳಿದಿರುತ್ತದೆ, ಮರದ ಗಾಣದ್ದರಲ್ಲಿ ಅದಕ್ಕೂ ಹೆಚ್ಚು. ಎಣ್ಣೆ ತೆಗೆಯದ ಸೋಯಾ ಹಿಟ್ಟಿನಲ್ಲಿ ಸುಮಾರು ಶೇ. 20. ಇವೆರಡನ್ನೂ ಹಾಕಿ, ಆಮೇಲೆ ಬಾಟಲಿಯನ್ನೂ ಬಗ್ಗಿಸಿದರೆ ಹಿಟ್ಟು ಹಿಡಿದು ನಿಲ್ಲುವುದಾದರೂ ಹೇಗೆ? ಉಂಡೆಯನ್ನು ಕಟ್ಟಿ ನಿಲ್ಲಿಸುವುದು ಮೊಟ್ಟೆಯ ಪ್ರೋಟೀನ್. ಬಿಸಿಗೆ ಅದು ಗಟ್ಟಿಯಾಗಿ ಬಲೆಯಂತೆ ಹೆಣೆದುಕೊಳ್ಳಬೇಕು. ನಡುವೆ ಎಣ್ಣೆ ಜಾಸ್ತಿ ನಿಂತರೆ ಹೆಣಿಗೆ ಕೂಡುವುದಿಲ್ಲ, ಉಂಡೆ ಬಿರಿಯುತ್ತದೆ.

ಯಾವ ಎಣ್ಣೆ ಅನ್ನುವುದರಲ್ಲೂ ಮೋಸ ಹೋಗುವವರೇ ಹೆಚ್ಚು. ಕರಾವಳಿಯಲ್ಲಿ ಅಗ್ಗಕ್ಕೆ ಸಿಗುವ ಬೂತಾಯಿ ಮೀನಿನ ಎಣ್ಣೆ ದೋಣಿಯ ಮರಕ್ಕೆ ಬಳಿಯಲು ಒಳ್ಳೆಯದು. ಮರದ ಮೇಲೆ ಗಾಳಿ ತಾಗಿ ಅಂಟಾಗಿ ಒಣಗುವ ಗುಣವೇ ಎರೆಗೆ ಶತ್ರು. ಮೀನೆಣ್ಣೆಯ ಬಹು-ಅಪರ್ಯಾಪ್ತ ಕೊಬ್ಬು ಗಾಳಿ, ಬಿಸಿಲು, ಶಾಖ ಮೂರಕ್ಕೂ ಬೇಗ ಕೆಡುತ್ತದೆ. ಹಳೇ ಪೇಂಟ್ ಡಬ್ಬಿ ತೆರೆದಂಥ ಘಾಟು ಬಂದರೆ ಅದು ಮುಗಿದಂತೆ, ಪರಿಮಳದ ಹನಿ ಬೆರೆಸಿ ಸರಿಮಾಡಲು ಆಗುವುದಿಲ್ಲ. ಬಿಳಿ ಪಾರದರ್ಶಕ ಬಾಟಲಿಯಲ್ಲಿ ಅಂಗಡಿಯ ಬಿಸಿಲಿಗೆ ಇಟ್ಟಿದ್ದನ್ನು ಕೊಳ್ಳಬೇಡಿ. ಕೊಂಡದ್ದನ್ನು ಕಂದು ಬಾಟಲಿಗೆ ಅಂಚಿನವರೆಗೆ ತುಂಬಿ ಫ್ರಿಜ್‌ನಲ್ಲಿಡಿ.

ಕೊಬ್ಬರಿ ಎಣ್ಣೆ ಮತ್ತು ತುಪ್ಪದ ಕಥೆ ಬೇರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಾಸನ, ಚಿಕ್ಕಮಗಳೂರು, ಕೊಡಗಿನ ಕೆರೆಗಳ ಮುಂಜಾನೆಯ ನೀರು ಅದಕ್ಕಿಂತ ತಣ್ಣಗಿರುತ್ತದೆ. ಉಂಡೆಯೊಳಗಿನ ಎಣ್ಣೆ ಅಲ್ಲೇ ಮೇಣವಾಗಿ ಕೂರುತ್ತದೆ, ಏನೂ ಹೊರಬರುವುದಿಲ್ಲ. ಇಂಗ್ಲೆಂಡಿನ ಗೆಂಡೆ ಬೇಟೆಗಾರರಲ್ಲಿ ಹಲವರು ಚಳಿಗಾಲದಲ್ಲಿ ಮೀನೆಣ್ಣೆಯನ್ನು ಕೈಬಿಡುವುದೂ ತಣ್ಣೀರಲ್ಲಿ ಅದು ಮಂದವಾಗುತ್ತದೆ ಎಂದೇ. ಅವರ ಬೇಸಿಗೆಯ ವಿಡಿಯೋ ನೋಡಿ ನಮ್ಮ ಜನವರಿಗೆ ತುಪ್ಪ ಸುರಿದರೆ ಆಗುವುದು ಇದೇ. ತಣ್ಣನೆ ನೀರಿಗೆ ಕಡಲೆಕಾಯಿ ಎಣ್ಣೆಯೇ ವಾಸಿ, ಅದೂ ಸ್ವಲ್ಪ.

ಲವಂಗದೆಣ್ಣೆಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿರುವ ಯೂಜಿನಾಲ್ ಮೀನನ್ನು ಮಂಪರಿಗೆ ತಳ್ಳುವ ಔಷಧ. ಮೀನು ಸಾಕಣೆಯಲ್ಲಿ, ಪ್ರಯೋಗಾಲಯಗಳಲ್ಲಿ ಮೀನಿಗೆ ಅರಿವಳಿಕೆ ಕೊಡಲು ಬಳಸುವುದು ಇದನ್ನೇ. ಬಾಯಿ ಮರಗಟ್ಟಿಸುವ ವಸ್ತುವನ್ನು ಎರೆಗೆ ಬೆರೆಸುವುದರಲ್ಲಿ ಯಾವ ಜಾಣತನ ಇದೆಯೋ ತಿಳಿಯದು. ಸೋಂಪು ಎಣ್ಣೆಯಂಥ ಸುಗಂಧ ತೈಲಗಳಲ್ಲೂ ಚಮಚದ ಮಾತೇ ಇಲ್ಲ. ಅರ್ಧ ಕಿಲೋಗೆ ಎರಡು ಮೂರು ಹನಿ, ಅಷ್ಟೇ. ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಹಾಕಿದರೆ ಮೀನು ಬರುತ್ತದೆ ಅನ್ನುವವರ ಪಕ್ಕ ಕೂರಲೂ ಬೇಡಿ. ಅದೇ ಕೆರೆಯಲ್ಲಿ ದನ ನೀರು ಕುಡಿಯುತ್ತವೆ.

ಇನ್ನು ಯಾರೂ ಮುಂಚೆ ಹೇಳದ ಎರಡು ಅಪಾಯಗಳು. ಎರೆಯನ್ನು ತಳದಿಂದ ತುಸು ಮೇಲೆತ್ತಲು ಉಂಡೆಯ ಪಕ್ಕ ಥರ್ಮೋಕೋಲ್ ಮಣಿ ಪೋಣಿಸುವ ರೂಢಿ ಇದೆಯಲ್ಲ, ಅದಕ್ಕೆ ಕಿತ್ತಳೆ ಅಥವಾ ನಿಂಬೆ ಸಿಪ್ಪೆಯ ಎಣ್ಣೆ ತಾಗಿಸಬೇಡಿ. ಆ ಎಣ್ಣೆಯಲ್ಲಿರುವ ಲಿಮೊನೀನ್ ಥರ್ಮೋಕೋಲನ್ನು ಕರಗಿಸುತ್ತದೆ. ಒಂದು ಹನಿ ಬಿಟ್ಟು ನೋಡಿ: ಮಣಿ ಮೊದಲು ಒಂದು ಬದಿ ಗುಳಿ ಬೀಳುತ್ತದೆ, ಆಮೇಲೆ ಕುಸಿದು ಅಂಟು ಚೂರಾಗುತ್ತದೆ. ಆ ಗಾಳ ಗಂಟೆಗಟ್ಟಲೆ ಕೆಸರಿನಲ್ಲಿ ಹೂತಿದ್ದರೂ ದಡದಲ್ಲಿ ಕೂತವರಿಗೆ ತಿಳಿಯುವುದಿಲ್ಲ.

ಎರಡನೆಯದು ಮೀನಿಗಲ್ಲ, ಮನೆಗೆ. ಮೀನೆಣ್ಣೆ ಅಥವಾ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಸ್ಕೂಟರ್ ಡಿಕ್ಕಿಯಲ್ಲೋ ಕಸದ ಬುಟ್ಟಿಯಲ್ಲೋ ಎಸೆಯಬೇಡಿ. ಇವು ಗಾಳಿಯೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗಿಂದ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಬಹುದು. ಬಟ್ಟೆಯನ್ನು ನೀರಲ್ಲಿ ನೆನೆಸಿ, ಬಯಲಲ್ಲಿ ಬಿಡಿಸಿ ಹರವಿ.

ಇಷ್ಟಾದರೂ ಎಣ್ಣೆ ಬೇಕೇ ಬೇಕು ಅನ್ನುವವರಿಗೆ ಕೆಲಸ ಮಾಡುವ ಹದ ಇದು. ಹುರಿದು ಪುಡಿಮಾಡಿದ ಕಡಲೆಕಾಯಿ ಹಿಂಡಿ 200 ಗ್ರಾಂ, ಚಿರೋಟಿ ರವೆ 150, ಸೋಯಾ ಹಿಟ್ಟು 100, ರಾಗಿಹಿಟ್ಟು 50. ಹಿಂಡಿಯಲ್ಲಿ ಹಸಿರೋ ಕಪ್ಪೋ ಬೂಸ್ಟು ಕಂಡರೆ ಎಸೆಯಿರಿ, ಹುರಿದರೂ ಅದರ ಅಫ್ಲಟಾಕ್ಸಿನ್ ಎಂಬ ವಿಷ ಪೂರ್ತಿ ಹೋಗುವುದಿಲ್ಲ. ಬೇರೆ ಪಾತ್ರೆಯಲ್ಲಿ ಐದು ಮೊಟ್ಟೆ ಒಡೆದು, 10 ಮಿ.ಲೀ. ಎಣ್ಣೆ, ಒಂದು ಟೀ ಚಮಚ ದ್ರವ ಸೋಯಾ ಲೆಸಿಥಿನ್ ಹಾಕಿ ಬಣ್ಣ ಒಂದೇ ಆಗುವವರೆಗೆ ಚೆನ್ನಾಗಿ ಕಡೆಯಿರಿ. ಲೆಸಿಥಿನ್ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಹೊಂದಿಸುತ್ತದೆ. ಅದು ಸಿಗದಿದ್ದರೆ ಇನ್ನೊಂದು ಹಳದಿ ಲೋಳೆ ಸೇರಿಸಿ, ಅದರಲ್ಲೂ ಲೆಸಿಥಿನ್ ಇದೆ. ಹಿಟ್ಟಿನ ಮೇಲೆ ನೇರವಾಗಿ ಎಣ್ಣೆ ಸುರಿಯುವುದು ಬೇಡ, ಮೊಟ್ಟೆಯೊಂದಿಗೇ ಹೋಗಬೇಕು. ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಗೆ ಕಲಸಿ, ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. 16 ಮಿ.ಮೀ. ಉಂಡೆ ಕಟ್ಟಿ, ಒಮ್ಮೆಗೆ ಇಪ್ಪತ್ತು ಮೂವತ್ತು ಮಾತ್ರ ಹಾಕಿ, ಒಂದೂವರೆ ಎರಡು ನಿಮಿಷ ಕುದಿಸಿ. ಒಟ್ಟಿಗೆ ರಾಶಿ ಸುರಿದರೆ ನೀರಿನ ಕುದಿ ನಿಂತು ಉಂಡೆ ಲೊಳಲೊಳ ಆಗುತ್ತದೆ. ನೆರಳಲ್ಲಿ ಬಟ್ಟೆ ಮೇಲೆ ಒಂದು ದಿನ ಒಣಗಿಸಿ.

ಬೇಯಿಸಿದ ಮೇಲೆ ನೆನೆಸುವುದಿದ್ದರೆ ಎಣ್ಣೆಯಲ್ಲಲ್ಲ, ಒಣಸಿಗಡಿ ಕುದಿಸಿ ಸೋಸಿದ ನೀರಿಗೆ ಬೆಲ್ಲ, ಚಿಟಿಕೆ ಉಪ್ಪು ಹಾಕಿ ಅದರಲ್ಲಿ. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಸಾಕು.

ಈಗಾಗಲೇ ಎಣ್ಣೆಯಲ್ಲಿ ಮುಳುಗಿಸಿಟ್ಟ ಡಬ್ಬಿ ಇದ್ದವರು ಅದನ್ನು ‘ಮೀನು ತಿನ್ನಲಿ ಬಿಡು’ ಅಂತ ಕೆರೆಗೆ ಸುರಿಯಬೇಡಿ. ಉಂಡೆ ಕಮಟು ಹೊಡೆಯದಿದ್ದರೆ ಕಾಗದದ ಮೇಲೆ ಹರಡಿ ಎಣ್ಣೆ ಇಳಿಸಿ, ಪುಡಿಮಾಡಿ, ಮುಂದಿನ ಹಿಟ್ಟಿನಲ್ಲಿ ಹತ್ತಕ್ಕೆ ಒಂದು ಪಾಲಿನಷ್ಟು ಬೆರೆಸಬಹುದು, ಆ ಸಲ ಹೊಸ ಎಣ್ಣೆ ಹಾಕುವಂತಿಲ್ಲ. ಕಮಟಾಗಿದ್ದರೆ ಒಣ ಮಣ್ಣಿನಲ್ಲಿ ಎಣ್ಣೆ ಹೀರಿಸಿ, ನೀರಿನ ಮೂಲದಿಂದ ದೂರ, ನಾಯಿ ಕೆದಕದಷ್ಟು ಆಳಕ್ಕೆ ಹೂತುಬಿಡಿ.