ರೆನ್, ಎಂವಿ, ರಿನೇಮ್, ಎಂಎಂವಿ: ಒಟ್ಟಿಗೆ ಫೈಲ್ ಹೆಸರು ಬದಲಿಸಲು ಯಾವುದು ವಾಸಿ?

ಕ್ಯಾಮೆರಾದಿಂದ ಇಳಿಸಿದ ಫೋಟೋಗಳಿಗೆ ಐಎಂಜಿ_1234 ಅನ್ನುವಂಥ ಹೆಸರಿರುತ್ತದೆ. ಅದನ್ನು ತೆಗೆದು ಊರಿನ ಹೆಸರು ಹಾಕುವುದು ನನಗೆ ಆಗಾಗ ಬೀಳುವ ಕೆಲಸ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಮಾಡಿ ನೋಡಿದ್ದೇನೆ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ, ಊರಿನ ಹೆಸರು ಮಾತ್ರ ಕನ್ನಡದಲ್ಲೇ.)

ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ .ಜೆಪಿಜಿ ಥರದ ಭಾಗ) ಮಾತ್ರ ಬದಲಿಸಬೇಕಾದರೆ ವಿಂಡೋಸಿನ ರೆನ್ ಸಾಕು. 'ರೆನ್ *.ಜೆಪಿಇಜಿ *.ಜೆಪಿಜಿ' ಅಂದರೆ ಮುಗಿಯಿತು. ಹೆಸರಿನ ಮುಂಭಾಗಕ್ಕೆ ಕೈ ಹಾಕಿದಾಗ ತೊಂದರೆ ಶುರು. ರೆನ್ ಹಳೆಯ ಹೆಸರಿನ ಮೇಲೆ ಹೊಸದನ್ನು ಅಕ್ಷರಕ್ಕೆ ಅಕ್ಷರ ಕೂರಿಸುತ್ತದೆ. ಕಂಪ್ಯೂಟರಿಗೆ 'ಹಂಪಿ' ಎರಡಕ್ಷರ ಅಲ್ಲ, ನಾಲ್ಕು: ಹ, ಸೊನ್ನೆ, ಪ, ಗುಡಿಸು. 'ಐಎಂಜಿ_' ಇಂಗ್ಲಿಷಿನಲ್ಲಿ ನಾಲ್ಕೇ ಆದ್ದರಿಂದ 'ಹಂಪಿ*' ಸರಿಯಾಗಿ ಕೂತು ಹಂಪಿ1234 ಆಗುತ್ತದೆ. 'ಮೈಸೂರು*' ಕೊಟ್ಟು ನೋಡಿ. ಅದಕ್ಕೆ ಆರು ಬೇಕು, ಹಾಗಾಗಿ ಎರಡು ಅಂಕಿ ನುಂಗಿ ಮೈಸೂರು34 ಉಳಿಯುತ್ತದೆ. 1334ನೇ ಫೋಟೋಗೂ ಅದೇ ಹೆಸರು ಬರಬೇಕು, ಆಗ ಎರರ್.

ಲಿನಕ್ಸಿನಲ್ಲಿ 'ಎಂವಿ *.ಜೆಪಿಇಜಿ *.ಜೆಪಿಜಿ' ಅಂತ ಕೊಟ್ಟರೆ ಎಂವಿಗೆ ನಕ್ಷತ್ರ (*) ಸಾಮಾನ್ಯವಾಗಿ ಕಾಣುವುದೇ ಇಲ್ಲ. ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಅದನ್ನು ಮೊದಲೇ ಬಿಡಿಸಿ, ಫೈಲ್‌ಗಳ ಪಟ್ಟಿ ಮಾಡಿ ಕೊಟ್ಟಿರುತ್ತದೆ. ಪಟ್ಟಿ ಉದ್ದ ಇದ್ದರೆ, ಕೊನೆಯದು ಫೋಲ್ಡರ್ ಅಲ್ಲ ಅಂತ ಎಂವಿ ನಿಂತುಬಿಡುತ್ತದೆ. ಫೋಲ್ಡರಿನಲ್ಲಿ ಒಂದು ಜೆಪಿಇಜಿ, ಒಂದು ಜೆಪಿಜಿ ಮಾತ್ರ ಇದ್ದರೆ? ಮೊದಲನೆಯದು ಎರಡನೆಯದರ ಮೇಲೆ ಸದ್ದಿಲ್ಲದೆ ಕೂರುತ್ತದೆ, ಹಳೆಯ ಫೋಟೋ ಹೋಯಿತು. ಲೂಪ್ ಬರೆದು ಎಂವಿಯನ್ನೇ ಬಳಸಬಹುದು, ಆದರೆ ಟೈಪಿಂಗ್ ಜಾಸ್ತಿ.

ರಿನೇಮ್ ಅನ್ನುವ ಹೆಸರಲ್ಲಿ ಎರಡು ಬೇರೆ ಪ್ರೋಗ್ರಾಂಗಳಿವೆ. ಲಿನಕ್ಸಿನ ಉಬುಂಟು ಬಗೆಯಲ್ಲಿ ಹಾಕಿಕೊಳ್ಳುವುದು ಪರ್ಲ್ ಭಾಷೆಯದ್ದು, ಫೆಡೋರಾ ಬಗೆಯಲ್ಲಿ ಸಿಗುವುದು ಯುಟಿಲ್-ಲಿನಕ್ಸ್ ಅನ್ನುವ ಪ್ಯಾಕೇಜಿನದ್ದು. ಒಂದರ ಕಮಾಂಡ್ ಇನ್ನೊಂದಕ್ಕೆ ನಡೆಯುವುದಿಲ್ಲ. ಪರ್ಲ್‌ನದ್ದು ತುಂಬಾ ಶಕ್ತಿಶಾಲಿ, ಆದರೆ ರೆಗೆಕ್ಸ್ (ಅಕ್ಷರಗಳ ಮಾದರಿ ಬರೆಯುವ ಸಂಕೇತ ಭಾಷೆ) ಬರಬೇಕು.

ನನ್ನ ಆಯ್ಕೆ ಎಂಎಂವಿ. "ಎಂಎಂವಿ 'ಐಎಂಜಿ_*.ಜೆಪಿಜಿ' 'ಮೈಸೂರು_#1.ಜೆಪಿಜಿ'" ಅಂದರೆ, ಮೊದಲ ನಕ್ಷತ್ರಕ್ಕೆ ಸಿಕ್ಕಿದ್ದು #1ರ ಜಾಗಕ್ಕೆ ಬರುತ್ತದೆ. ಹೊಸ ಹೆಸರು ಎಷ್ಟೇ ಉದ್ದ ಇರಲಿ, ಅಂಕಿಗಳು ಹಾಗೇ ಉಳಿಯುತ್ತವೆ. ಕೋಟ್ ಮಾತ್ರ ಬಿಡಬೇಡಿ, ಇಲ್ಲದಿದ್ದರೆ ನಕ್ಷತ್ರವನ್ನು ಶೆಲ್ ಬಿಡಿಸಿಬಿಡುತ್ತದೆ. ಎರಡು ಫೈಲ್‌ಗೆ ಒಂದೇ ಹೆಸರು ಬರುವಂತಿದ್ದರೆ ಕೆಲಸಕ್ಕೆ ಮೊದಲೇ ಹೇಳುತ್ತದೆ. -ಎನ್ ಸೇರಿಸಿದರೆ ಏನೂ ಬದಲಿಸದೆ, ಏನಾಗಲಿದೆ ಅಂತ ಸುಮ್ನೆ ತೋರಿಸುತ್ತದೆ. 11-05-2023 ಅಂತಿರುವುದನ್ನು 2023-05-11 ಮಾಡಬೇಕೇ? '*-*-*.ಜೆಪಿಜಿ' ಕೊಟ್ಟು '#3-#2-#1.ಜೆಪಿಜಿ' ಅನ್ನಿ. ಇಷ್ಟು ಸಲೀಸಾಗಿ ದಿನಾಂಕ ತಿರುಗಿಸುವುದು ರೆನ್‌ನಿಂದ ಆಗುವುದಿಲ್ಲ.

ಎಂಎಂವಿಯನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಮ್ಯಾಕ್ ಇದ್ದವರಿಗೆ ಆ ಕೆಲಸವೂ ಇಲ್ಲ. 2019ರ ಕ್ಯಾಟಲೀನಾ ಆವೃತ್ತಿಯಿಂದ ಅಲ್ಲಿ ಝಡ್-ಶೆಲ್ಲೇ ಡೀಫಾಲ್ಟ್, ಅದರ ಜೊತೆಗೇ ಬರುವ ಝಡ್‌ಎಂವಿಯನ್ನು ಆಟೋಲೋಡ್ ಅನ್ನುವ ಕಮಾಂಡಿನಿಂದ ಕರೆದುಕೊಂಡರೆ ಇದೇ ಕೆಲಸ ಆಗುತ್ತದೆ.