ಮಾಳಿಗೆಗೆ ಕೂಲ್ ರೂಫ್ ಪೇಂಟ್: ಎಸಿ ಕೊಳ್ಳುವ ಮುಂಚೆ ಇದನ್ನು ನೋಡಿ

ಕಲಬುರಗಿಯಲ್ಲಿ ಮೇಲಿನ ಮಹಡಿಯಲ್ಲಿ ಇರುವವರಿಗೆ ಹಗಲಿಗಿಂತ ರಾತ್ರಿಯೇ ಕಷ್ಟ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ನಮಗೇನೂ ಹೊಸದಲ್ಲ, ಸಂಜೆಯಾದರೆ ಅಂಗಳದಲ್ಲಾದರೂ ಗಾಳಿ ಆಡುತ್ತದೆ. ಒಳಗೆ ಮಾತ್ರ ಕಾದ ಹಂಚಿನ ಕೆಳಗೆ ಮಲಗಿದ ಹಾಗೆ. ಹಗಲೆಲ್ಲ ಕುಡಿದ ಬಿಸಿಯನ್ನು ಆರ್‌ಸಿಸಿ ಸ್ಲ್ಯಾಬು ನಡುರಾತ್ರಿವರೆಗೂ ಕೆಳಗೆ ಬಿಡುತ್ತಲೇ ಇರುತ್ತದೆ, ಫ್ಯಾನು ಅದನ್ನೇ ಮುಖಕ್ಕೆ ತಳ್ಳುತ್ತದೆ.

ಕಳೆದ ಬೇಸಿಗೆಗೆ ಮುಂಚೆ ಮಾಳಿಗೆಗೆ ಬಿಳಿ ಕೂಲ್ ರೂಫ್ ಪೇಂಟ್, ಅಂದರೆ ಬಿಸಿಲನ್ನು ಹೀರದೆ ವಾಪಸ್ ಕಳಿಸುವ ಬಣ್ಣ, ಮಾಡಿಸಿದೆವು. ಕೂಲಿ ಸೇರಿ ಚದರಡಿಗೆ 25 ರೂಪಾಯಿ ಆಸುಪಾಸು ಬಿತ್ತು. ಎಸಿ ಹಾಕಿದಷ್ಟು ತಂಪು ಆಗುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ, ಆಗುವುದಿಲ್ಲ. ಆದರೆ ವ್ಯತ್ಯಾಸ ಗೊತ್ತಾಗುತ್ತದೆ. ಸ್ಲ್ಯಾಬಿನ ಕೆಳಗೇ ಇರುವ ಅಟ್ಟದ ಸ್ಟೀಲ್ ಡಬ್ಬಿಗಳು ಮೊದಲು ಸಂಜೆ ಏಳಕ್ಕೂ ಕೈ ಸುಡುತ್ತಿದ್ದವು, ಈಗ ಬೆಚ್ಚಗಿದ್ದರೆ ಹೆಚ್ಚು. ರಾತ್ರಿ ಕೂಲರ್ ಸಾಕಾಗುತ್ತಿದೆ (ನಮ್ಮದು ಒಣ ಸೆಕೆ, ಅದಕ್ಕೇ ಕೂಲರ್ ನಡೆಯುತ್ತದೆ, ಮಂಗಳೂರಿನವರಿಗೆ ಈ ಮಾತು ಹೊಂದುವುದಿಲ್ಲ). ಎಸಿ ಇರುವ ಕೋಣೆಯಲ್ಲೂ 26ಕ್ಕೆ ಇಟ್ಟು ಫ್ಯಾನ್ ಹಾಕಿದರೆ ನಿದ್ದೆ ಬರುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲೆ ಎಸ್‌ಆರ್‌ಐ ಎಷ್ಟು ಅಂತ ನೋಡಿ. ಬಿಸಿಲನ್ನು ಎಷ್ಟು ವಾಪಸ್ ಕಳಿಸುತ್ತದೆ, ಹಿಡಿದ ಬಿಸಿಯನ್ನು ಎಷ್ಟು ಬೇಗ ಬಿಡುತ್ತದೆ, ಎರಡನ್ನೂ ಸೇರಿಸಿದ ಅಂಕ ಅದು. ಮಾದರಿ ಕಪ್ಪಿಗೆ 0, ಮಾದರಿ ಬಿಳುಪಿಗೆ 100. ಅಂಕ ನಮೂದಿಸದೆ ಸುಮ್ನೆ ‘ಕೂಲ್’ ಅಂತ ಬರೆದಿದ್ದರೆ ಬಿಟ್ಟುಬಿಡಿ. ವಾಟರ್‌ಪ್ರೂಫಿಂಗ್ ಕೋಟ್ ಬೇರೆ, ಇದು ಬೇರೆ. ಇಟ್ಟಿಗೆ ಕೆಂಪು ಬಣ್ಣದ್ದು ಸೋರುವುದನ್ನು ನಿಲ್ಲಿಸಬಹುದು, ಬಿಸಿಲು ತಡೆಯುವ ವಿಷಯದಲ್ಲಿ ಬಿಳಿಯ ಹತ್ತಿರಕ್ಕೂ ಬರುವುದಿಲ್ಲ. ಪಕ್ಕದ ತೆಲಂಗಾಣದಲ್ಲಿ 2023ರಲ್ಲೇ ಕೂಲ್ ರೂಫ್ ನೀತಿ ಬಂದಿದೆ, ಹಾಗಾಗಿ ಇದೇನೂ ಯಾರೋ ಮಾರಾಟಕ್ಕೆ ಕಟ್ಟಿದ ಕಥೆ ಅಲ್ಲ.

ಈಗ ತಕರಾರು. ಒಂದು, ಕೆಲಸ. ನಮಗೆ ಬಂದ ಪೇಂಟರ್ ಮಾಳಿಗೆಯನ್ನು ಸರಿಯಾಗಿ ತೊಳೆಯದೆ, ಡಬ್ಬಿಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ನೀರು ಬೆರೆಸಿ ಮೊದಲ ಕೋಟ್ ಬಳಿದ. ಪ್ಯಾರಾಪೆಟ್ ಮೂಲೆಯಲ್ಲಿ ಮಳೆಗಾಲ ಮುಗಿಯುವ ಮೊದಲೇ ಹಪ್ಪಳದಂಥ ಚೂರುಗಳು ಎದ್ದವು. ಬೆರೆಸುವಾಗ ಹತ್ತಿರವೇ ನಿಂತಿರಿ, ಬಿರುಕು ಮುಚ್ಚಿ ಪ್ರೈಮರ್ ಹಾಕಿದ್ದಾರಾ ನೋಡಿ.

ದೊಡ್ಡ ತಕರಾರು ಧೂಳಿನದ್ದು. ಬಿಳುಪು ಹೋದರೆ ಕೆಲಸವೂ ಹೋಯಿತು, ಇದನ್ನು ಮಾರುವವರು ಯಾರೂ ಹೇಳುವುದಿಲ್ಲ. ನಮ್ಮ ಕಡೆ ಹೊಲದ ಮಣ್ಣು, ರಸ್ತೆ ಧೂಳು ಎಲ್ಲ ಬಂದು ಕೂತು ಮಾಳಿಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಬೇಸಿಗೆಗೆ ಮುಂಚೆ ಒಮ್ಮೆ ಉಜ್ಜಿ ತೊಳೆಯಲೇಬೇಕು. ನೀರಿಗೆ ಪರದಾಡುವ ಊರಲ್ಲಿ ಇದು ಸಣ್ಣ ಮಾತಲ್ಲ ಅಲ್ವಾ? ಇನ್ನು ಎದುರಿನ ಮಹಡಿಯವರಿಗೆ ಮಧ್ಯಾಹ್ನ ಕಣ್ಣು ಕುಕ್ಕುತ್ತದೆ, ಅವರು ಬಂದು ಹೇಳಿಯೂ ಆಯಿತು.

ಪಶ್ಚಿಮದ ಗೋಡೆ, ಕಿಟಕಿಗಳಿಂದ ಬರುವ ಬಿಸಿಗೆ ಇದರಿಂದ ಏನೂ ಪ್ರಯೋಜನ ಇಲ್ಲ. ಅದಕ್ಕೆ ಕಿಟಕಿಯ ಹೊರಗಡೆ ಬಿದಿರಿನ ಪರದೆ ಕಟ್ಟಿ. ಒಳಗಿನ ಕರ್ಟನ್ ಎಷ್ಟೇ ದಪ್ಪ ಇರಲಿ, ಬಿಸಿಲು ಅಷ್ಟೊತ್ತಿಗೆ ಗಾಜು ದಾಟಿ ಬಂದಿರುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮಾಡಿಸುವುದಾದರೆ ಶಿವರಾತ್ರಿ ಹೊತ್ತಿಗೆ ಮುಗಿಸಿ. ಮೇನಲ್ಲಿ ಕಾದ ಸ್ಲ್ಯಾಬಿನ ಮೇಲೆ ಬಳಿದರೆ ಬಣ್ಣ ಹಿಡಿಯುವ ಮೊದಲೇ ಒಣಗಿಬಿಡುತ್ತದೆ, ಮೇಲಾಗಿ ಆಗ ಪೇಂಟರ್‌ಗಳೂ ಕೈಗೆ ಸಿಗುವುದಿಲ್ಲ.