ನಾಲ್ಕು ಮಳೆಗಾಲ ಕಂಡ ಪವರ್ ಮೀಟರ್

ಒಂದು ರೂಪಾಯಿ ನಾಣ್ಯದಷ್ಟಗಲದ ಪ್ಲಾಸ್ಟಿಕ್ ಮುಚ್ಚಳವೊಂದು ನನ್ನನ್ನು ಈ ವಿಮರ್ಶೆ ಬರೆಯಲು ಕೂರಿಸಿದೆ. ಅದರ ಕೆಳಗೊಂದು ಬಟನ್ ಸೆಲ್, ಸೆಲ್ಲಿನ ಸುತ್ತ ದಾರದಷ್ಟು ಸಣ್ಣ ರಬ್ಬರ್ ಉಂಗುರ. ಸೈಕಲ್ ತುಳಿಯುವ ಶಕ್ತಿಯನ್ನು ಅಳೆಯಲೆಂದು ಮೂವತ್ತೆರಡು ಸಾವಿರ ರೂಪಾಯಿ ಕೊಟ್ಟು ತಂದ ಪವರ್ ಮೀಟರಿನೊಳಗೆ ನೀರು ನುಗ್ಗದಂತೆ ತಡೆಯಲು ಇರುವುದು ಅಷ್ಟೇ. ಕೊಡಗಿನ ಮಳೆ ಕಂಡವರಿಗೆ ಮುಂದಿನ ಕತೆ ಈಗಾಗಲೇ ಅರ್ಧ ತಿಳಿದಿರುತ್ತದೆ.

2021ರ ಮಾರ್ಚ್‌ನಲ್ಲಿ, ಆ ವರ್ಷದ ಕಾಳುಮೆಣಸು ಮಾರಿದ ಹಣದಲ್ಲಿ ಇದನ್ನು ಕೊಂಡೆ. ತೂಕ ಎಷ್ಟು, ಯಾವ ಕ್ರ್ಯಾಂಕಿಗೆ (ಪೆಡಲ್ ಹಿಡಿದಿರುವ ತೋಳಿಗೆ) ಹೊಂದುತ್ತದೆ ಎಂಬುದೆಲ್ಲ ಡಬ್ಬಿಯ ಮೇಲೇ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಕೆಲಸ ಮಾಡುವ ಬಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಇಷ್ಟು ವರ್ಷವಾದರೂ ನನಗೆ ಅದರ ಬೆರಗು ಇಳಿದಿಲ್ಲ. ಪೆಡಲ್ ತುಳಿದಾಗ ಅದನ್ನು ಹಿಡಿದಿರುವ ಲೋಹದ ತೋಳು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ತೋಳಿಗೆ ಅಂಟಿಸಿದ ಸಣ್ಣ ತಂತಿಯೊಂದು ಆ ಬಾಗನ್ನು ಗ್ರಹಿಸುತ್ತದೆ. ಎಷ್ಟು ಬಲ, ಎಷ್ಟು ವೇಗದಲ್ಲಿ ಸುತ್ತು ಎಂಬ ಎರಡೂ ಗುಣಿಸಿ ಹ್ಯಾಂಡಲ್ ಮೇಲಿನ ಪರದೆಯಲ್ಲಿ ವ್ಯಾಟ್ ಲೆಕ್ಕದಲ್ಲಿ ಬರುತ್ತವೆ. ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್ 1986ರಲ್ಲಿ ಕಟ್ಟಿದ ಯಂತ್ರದ ಸಂತತಿ ಇದು. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದ ಗ್ರೆಗ್ ಲೆಮಾಂಡ್ ಅದನ್ನು ಮೊದಮೊದಲು ಬಳಸಿದವರಲ್ಲಿ ಒಬ್ಬ.

ನನ್ನ ಮನೆ ಮದೆನಾಡಿನ ಆಸುಪಾಸು. ಹಾಗಾಗಿ ನನ್ನ ದಾರಿ ಎಂದರೆ ಸಂಪಾಜೆ ಘಾಟಿ. ಬೆಳಗ್ಗೆ ಕೆಳಗಿಳಿದು ಸಂಪಾಜೆ ಮುಟ್ಟಿ, ಅಲ್ಲಿಂದ ಕೊಯನಾಡು, ದೇವರಕೊಲ್ಲಿ, ಜೋಡುಪಾಲ ದಾಟಿ ಮಡಿಕೇರಿಯವರೆಗೆ ಸುಮಾರು ಇಪ್ಪತ್ತೈದು ಕಿಲೋಮೀಟರ್ ಏರು. ಮೀಟರ್ ಇಲ್ಲದ ಕಾಲದಲ್ಲಿ ನಾನು ಸಂಪಾಜೆಯಿಂದ ಹೊರಟ ಹುರುಪಿನಲ್ಲಿ ತುಳಿದು ದೇವರಕೊಲ್ಲಿಯವರೆಗೆ ಹಾರಿ ಹೋಗುತ್ತಿದ್ದೆ. ಜೋಡುಪಾಲದ ಹೊತ್ತಿಗೆ ತೊಡೆ ಕಲ್ಲಾಗುತ್ತಿತ್ತು. ಮಡಿಕೇರಿಗೆ ಒಂದು ಗಂಟೆ ಮೂವತ್ತನಾಲ್ಕು ನಿಮಿಷ. ಆ ಸಮಯ ಎರಡು ವರ್ಷ ಹಾಗೆಯೇ ಇತ್ತು.

ಮೀಟರ್ ಹಾಕಿದ ಮೊದಲ ವಾರವೇ ಗೊತ್ತಾಯಿತು, ಮೊದಲ ಹತ್ತು ನಿಮಿಷ ನಾನು 260 ವ್ಯಾಟ್ ಸುರಿಯುತ್ತಿದ್ದೆ, ಕೊನೆಯ ಅರ್ಧ ಗಂಟೆ 150ಕ್ಕೆ ಕುಸಿಯುತ್ತಿದ್ದೆ. ಮುಂದಿನ ಭಾನುವಾರ ಹಟ ಹಿಡಿದು 195 ದಾಟದಂತೆ ನೋಡಿಕೊಂಡೆ. ಕೊಯನಾಡಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ ದಾಟಿ ಹೋದಾಗ ಕಾಲು ತಾನಾಗಿ ಅದರ ಹಿಂದೆ ಓಡಲು ನೋಡಿತು, ತಡೆದೆ. ಜೋಡುಪಾಲ ಬಂತು, ತೊಡೆ ಹಗುರವಾಗಿಯೇ ಇತ್ತು. ಮದೆನಾಡಿನಲ್ಲಿ ನಮ್ಮ ಮನೆಯ ದಾರಿ ಕಂಡಾಗ ಮೊದಲ ಬಾರಿಗೆ ಅತ್ತ ತಿರುಗಬೇಕೆನಿಸಲಿಲ್ಲ. ಒಂದು ಗಂಟೆ ಇಪ್ಪತ್ತಾರು ನಿಮಿಷ. ದೇಹ ಅದೇ, ಸೈಕಲ್ ಅದೇ. ಎಂಟು ನಿಮಿಷ ಎಲ್ಲಿ ಸೋರಿಹೋಗುತ್ತಿತ್ತು ಎಂದು ಗೊತ್ತಾಗಿದ್ದಷ್ಟೇ ಹೊಸದು.

ಅಂದಿನಿಂದ ಟೂರ್ ನೋಡುವ ನನ್ನ ಕಣ್ಣೇ ಬೇರೆಯಾಯಿತು. ಕ್ರಿಸ್ ಫ್ರೂಮ್ ಗೆಲ್ಲುತ್ತಿದ್ದ ವರ್ಷಗಳಲ್ಲಿ ಸ್ಕೈ ತಂಡದ ಸವಾರರು ಬೆಟ್ಟದಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತು ಒಂದೇ ವೇಗದಲ್ಲಿ ಎಳೆಯುತ್ತಿದ್ದರು. ಎದುರಾಳಿ ಒಮ್ಮೆಗೇ ವೇಗ ಹೆಚ್ಚಿಸಿ ಮುಂದಕ್ಕೆ ಜಿಗಿದರೂ ಅವರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನಗದು ನೀರಸ ಎನಿಸುತ್ತಿತ್ತು. ಈಗ ಗೊತ್ತು, ಜಿಗಿದವನು ತಾಳಲಾರದ ಶಕ್ತಿ ಖರ್ಚು ಮಾಡುತ್ತಿದ್ದಾನೆ ಎಂಬುದನ್ನು ಅವರು ತಮ್ಮ ಪರದೆಯ ಅಂಕಿಯಿಂದಲೇ ಊಹಿಸುತ್ತಿದ್ದರು. ತಾವು ಅದೇ ಅಂಕಿಯಲ್ಲಿ ಮುಂದುವರಿದರೆ ಎರಡು ಕಿಲೋಮೀಟರಿನಲ್ಲಿ ಅವನೇ ಸಿಗುತ್ತಾನೆ. ಟೂರ್ ನಿರ್ದೇಶಕ ಕ್ರಿಸ್ಟಿಯನ್ ಪ್ರುಧೋಮ್ ಈ ಮೀಟರನ್ನು ಸ್ಪರ್ಧೆಯಲ್ಲಿ ನಿಷೇಧಿಸಬೇಕೆಂದು ಬಹಿರಂಗವಾಗಿ ಹೇಳಿದ್ದೂ ಇದೇ ಕಾರಣಕ್ಕೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಒಪ್ಪಿಗೆ ಮಾತ್ರ ಇಲ್ಲ. ಅಂಕಿ ಕಾಣುತ್ತಿದ್ದರೂ ಅದಕ್ಕೆ ಅಂಟಿಕೊಂಡಿರಲು ಎದೆ ಬೇಕು.

ಬೇಸಿಗೆಯಲ್ಲಿ ಇದರ ಜೊತೆಗಿನ ಬೆಳಗು ಬಲು ಚಂದ. ಐದೂವರೆಗೆ ಸೈಕಲನ್ನು ಜಗಲಿಗೆ ತಂದು ನಿಲ್ಲಿಸುತ್ತೇನೆ. ಒಳಗಿನ ಬೆಚ್ಚಗಿನಿಂದ ಹೊರಗಿನ ಚಳಿಗೆ ಬಂದ ಲೋಹ ಸಮಸ್ಥಿತಿಗೆ ಬರಲು ಹತ್ತು ನಿಮಿಷ ಬೇಕು, ಇಲ್ಲದಿದ್ದರೆ ಅಂಕಿ ಏರುಪೇರಾಗುತ್ತದೆ. ಆ ಹತ್ತು ನಿಮಿಷ ನನ್ನ ಬೆಲ್ಲದ ಕಾಫಿಗೆ. ಲೋಟ ಬರಿದಾದ ಮೇಲೆ ಕ್ರ್ಯಾಂಕನ್ನು ನೇರ ಕೆಳಮುಖವಾಗಿ ಹಿಡಿದು, ಪೆಡಲ್ ಮೇಲೆ ಕಾಲಿಡದೆ, ಗುಂಡಿ ಒತ್ತಿ ಸೊನ್ನೆಗೆ ಹೊಂದಿಸುತ್ತೇನೆ. ತಕ್ಕಡಿಯಲ್ಲಿ ಏನೂ ಇಡದೆ ಮುಳ್ಳು ನೋಡುವ ಹಾಗೆ. ಕಾಫಿ ಹೂ ಬಿಟ್ಟ ದಿನಗಳಲ್ಲಿ ಈ ಕೆಲಸವನ್ನು ಬೇಕೆಂದೇ ನಿಧಾನ ಮಾಡಿದ್ದೇನೆ.

ಇನ್ನು ಮಳೆಯ ಮಾತು. ಮೊದಲ ಮಳೆಗಾಲ ಹೇಗೋ ಕಳೆಯಿತು. 2022ರ ಜುಲೈ ಮೊದಲ ವಾರ, ಮಳೆ ಹಿಡಿದು ಆರನೆಯ ದಿನ, ದೇವರಕೊಲ್ಲಿಯ ತಿರುವಿನಲ್ಲಿ ಪರದೆ 190ರಿಂದ ಒಮ್ಮೆಗೇ 1,400ಕ್ಕೆ ಜಿಗಿದು, ಸೊನ್ನೆಗೆ ಬಿದ್ದು, ಖಾಲಿಯಾಯಿತು. ಮನೆಗೆ ಬಂದು ಮುಚ್ಚಳ ತಿರುಗಿಸಿದರೆ ಒಳಗೆ ಅರ್ಧ ಚಮಚ ಕಂದು ನೀರು. ಸೆಲ್ಲಿನ ಅಂಚಿನಲ್ಲಿ ಹಸಿರು ಕಿಲುಬು.

ಖಾತರಿಯ ಅವಧಿ ಇನ್ನೂ ಇತ್ತು. ಬೆಂಗಳೂರಿನ ಸೇವಾ ಕೇಂದ್ರಕ್ಕೆ ಕಳುಹಿಸಿದೆ. ಹದಿನೆಂಟು ದಿನಗಳ ನಂತರ ಹಾಗೆಯೇ ಹಿಂದೆ ಬಂತು, ಜೊತೆಗೊಂದು ಚೀಟಿ: ನೀರಿನಿಂದಾದ ಹಾನಿಗೆ ಖಾತರಿ ಅನ್ವಯಿಸುವುದಿಲ್ಲ. ಫೋನ್ ಮಾಡಿದೆ. ಆ ಕಡೆಯವರು ವಿನಯದಿಂದಲೇ ಕೇಳಿದರು, "ಮಳೆಯಲ್ಲಿ ಏಕೆ ಓಡಿಸಿದಿರಿ ಸರ್?" ನನಗೆ ಸಿಟ್ಟು ನೆತ್ತಿಗೇರಿತು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಊರಿನವನಿಗೆ ಕೇಳುವ ಪ್ರಶ್ನೆಯೇ ಅದು? ನೀರು ತಾಗಿದರೂ ಕೆಡುವುದಿಲ್ಲ ಎಂದು ಡಬ್ಬಿಯ ಮೇಲೆ ಅವರೇ ಅಚ್ಚು ಹಾಕಿಸಿದ್ದರು. ಈ ವಿಮರ್ಶೆಯಲ್ಲಿ ನಾನು ಅಂಕ ಕಳೆಯುವುದು ಮುಚ್ಚಳಕ್ಕಿಂತ ಹೆಚ್ಚಾಗಿ ಆ ಉತ್ತರಕ್ಕೆ.

ಜುಲೈ 13ರ ರಾತ್ರಿ ಮೀಟರ್ ಕೊರಿಯರ್‌ನಲ್ಲಿತ್ತು. ಕರೆಂಟ್ ಇರಲಿಲ್ಲ, ಮೊಬೈಲ್‌ನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಟೂರ್‌ನ ಹನ್ನೊಂದನೆಯ ಹಂತ ನೋಡುತ್ತಿದ್ದೆ. ಗಾಲಿಬಿಯೆ ಬೆಟ್ಟದಲ್ಲಿ ಯುಂಬೊ-ವಿಸ್ಮ ತಂಡದ ಪ್ರಿಮೋಜ್ ರೋಗ್ಲಿಚ್ ಮತ್ತು ಯೋನಾಸ್ ವಿಂಗೆಗೋರ್ ಸರದಿಯಲ್ಲಿ ಜಿಗಿಯುತ್ತಿದ್ದರು. ಸ್ಪರ್ಧೆಯಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿಯ ತಾಡೇ ಪೊಗಾಚಾರ್ ಪ್ರತಿ ಬಾರಿಯೂ ತಾನೇ ಎದ್ದು ಬೆನ್ನಟ್ಟಿದ. ಒಬ್ಬ ಹೊಡೆಯುವಾಗ ಇನ್ನೊಬ್ಬ ದಣಿವಾರಿಸಿಕೊಳ್ಳುತ್ತಿದ್ದ, ಪೊಗಾಚಾರ್‌ಗೆ ಮಾತ್ರ ಬಿಡುವಿರಲಿಲ್ಲ. ಕೊನೆಯ ಏರು ಕೋಲ್ ದು ಗ್ರಾನೋನ್, 2,413 ಮೀಟರ್ ಎತ್ತರ. ಅಲ್ಲಿ ವಿಂಗೆಗೋರ್ ಹೊರಟಾಗ ಪೊಗಾಚಾರ್‌ನ ಭುಜ ಅಲುಗಾಡತೊಡಗಿತು. ಅದು ನನ್ನ ಹಳೆಯ ಜೋಡುಪಾಲದ ಭುಜ, ನೋಡಿದ ಕೂಡಲೇ ಗುರುತು ಹಿಡಿದೆ. 2 ನಿಮಿಷ 51 ಸೆಕೆಂಡ್ ಕಳೆದುಕೊಂಡ, ಹಳದಿ ಜೆರ್ಸಿಯೂ ಹೋಯಿತು.

ಆ ರಾತ್ರಿಯೇ ಇನ್ನೊಂದು ಯೋಚನೆಯೂ ಬಂತು. ಅವರೂ ಮಳೆಯಲ್ಲಿ ಓಡುತ್ತಾರಲ್ಲ, ಅವರ ಮೀಟರ್ ಏಕೆ ಸಾಯುವುದಿಲ್ಲ? ಮೂರು ವಾರ, 21 ಹಂತ. ಪ್ರತಿ ಸಂಜೆ ತಂಡದ ಮೆಕ್ಯಾನಿಕ್‌ಗಳು ಸೈಕಲ್ ತೊಳೆದು, ಒರೆಸಿ, ಬೇಕಾದ್ದು ಬದಲಿಸಿಡುತ್ತಾರೆ. ಕೆಟ್ಟರೆ ಕಾರಿನ ಮೇಲೆ ಇನ್ನೊಂದು ಸೈಕಲ್ ಸಿದ್ಧ. 2018ರಲ್ಲಿ ಇಟಲಿಯ ಜಿರೊ ಸ್ಪರ್ಧೆಯಲ್ಲಿ ಫ್ರೂಮ್ ಫಿನೆಸ್ತ್ರೆ ಬೆಟ್ಟದಿಂದ ಸುಮಾರು 80 ಕಿಲೋಮೀಟರ್ ಒಬ್ಬನೇ ಓಡಿ ಸ್ಪರ್ಧೆಯನ್ನೇ ತಿರುಗಿಸಿದ ದಿನವನ್ನು ಜನ ಒಂಟಿ ಸಾಹಸ ಎನ್ನುತ್ತಾರೆ. ಅಂದು ಬೆಟ್ಟದುದ್ದಕ್ಕೂ ಅವನ ತಂಡದ ಸಿಬ್ಬಂದಿ ನೀರು, ಆಹಾರ ಹಿಡಿದು ನಿಂತಿದ್ದರು. ಈ ಉಪಕರಣವನ್ನು ರೂಪಿಸಿದವರ ಮನಸ್ಸಿನಲ್ಲಿ ಅಂಥ ಸವಾರನಿದ್ದಾನೆ. ರಾತ್ರಿ ಮುಚ್ಚಳ ಬಿಚ್ಚಿ ಒಣಗಿಸುವ ಕೈ ಯಾವುದೋ ಒಂದು ಇದ್ದೇ ಇರುತ್ತದೆ ಎಂದು ಅವರು ನಂಬಿದ್ದಾರೆ.

ಆ ಕೈ ನನ್ನದೇ ಆಗಬೇಕಾಯಿತು. ವಾಪಸ್ ಬಂದ ಮೀಟರಿನ ಕಿಲುಬನ್ನು ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ ಹಿಡಿದು ಎರಡು ಸಂಜೆ ಉಜ್ಜಿದೆ. ಜೀವ ಬಂತು. ಆಮೇಲೆ ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ನಮ್ಮ ಜಡಿಮಳೆ ತಿಂಗಳ, ಪ್ರತಿ ರಾತ್ರಿಯೂ ಒಂದೇ ಕ್ರಮ. ಮೊದಲು ಕ್ರ್ಯಾಂಕಿನ ಕೆಸರು ಒರೆಸುವುದು, ಆಮೇಲೆ ಮುಚ್ಚಳ ತೆಗೆಯುವುದು. ಮೊದಲೇ ತೆಗೆದರೆ ಅಂಚಿನ ನೀರು ಒಳಗೇ ಇಳಿಯುತ್ತದೆ. ಸೆಲ್ ಹೊರಗೆ, ಉಂಗುರ ಅಂಗೈಯಲ್ಲಿ. ಗೂಡನ್ನು ಹತ್ತಿಯಿಂದ ಒತ್ತಿ, ಉಂಗುರಕ್ಕೆ ಬೆರಳ ತುದಿಯಷ್ಟು ಗ್ರೀಸ್ ಸವರಿ, ಸೆಲ್ಲನ್ನು ಅಕ್ಕಿಯ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದೆ. ಅಮ್ಮ ಮೊದಲು ಗೊಣಗಿದರು. ನಂತರ ತಾವೇ ಒಲೆಯ ಪಕ್ಕದ ಗೂಟದಲ್ಲಿ, ಒದ್ದೆ ಬಟ್ಟೆಗಳ ಸಾಲಿನ ಕೊನೆಗೆ, ಸೈಕಲ್ ಒರೆಸುವ ಬಟ್ಟೆಗೆ ಜಾಗ ಕೊಟ್ಟರು.

ಆದರೂ ತೇವ ಒಳಗೆ ಬರುತ್ತಲೇ ಇತ್ತು. ಕೊನೆಗೆ ಪರಿಹಾರ ಸಿಕ್ಕಿದ್ದು ಸೈಕಲ್ ಅಂಗಡಿಯಲ್ಲಿ ಅಲ್ಲ. 2023ರ ಮೇ ತಿಂಗಳಲ್ಲಿ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪನ್ನು ಮಡಿಕೇರಿಯಲ್ಲಿ ರಿಪೇರಿಗೆ ಕೊಟ್ಟಿದ್ದೆ. ರಿಪೇರಿ ಮಾಡುವವರು ನಳಿಕೆಗೆ ಹೊಸ ಉಂಗುರ ಹಾಕುತ್ತಿದ್ದಾಗ ಜೇಬಿನಿಂದ ನನ್ನ ಮುಚ್ಚಳ ತೆಗೆದು ತೋರಿಸಿದೆ. ಅವರು ಉಗುರಿನಿಂದ ರಬ್ಬರ್ ಎಬ್ಬಿಸಿ ನೋಡಿ, "ಇದು ಬೇಸಿಗೆಯ ಉಂಗುರ ಮಾರಾಯರೆ" ಎಂದರು. ತಗಡಿನ ಡಬ್ಬಿಯಲ್ಲಿ ಕೆದಕಿ, ಸುತ್ತಳತೆ ಅದೇ ಇದ್ದು ತುಸು ದಪ್ಪನೆಯದೊಂದನ್ನು ಆರಿಸಿ ಕೂರಿಸಿದರು. ಮುಚ್ಚಳ ಮೊದಲಿಗಿಂತ ಬಿಗಿಯಾಗಿ ತಿರುಗಿತು. ಬೆಲೆ ಐದು ರೂಪಾಯಿ.

ಇನ್ನೊಂದು ಕೊರತೆ ಉಂಗುರದಿಂದ ತೀರುವಂಥದ್ದಲ್ಲ. ಇದು ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುತ್ತದೆ. ಹಿಂದೊಮ್ಮೆ ಬಿದ್ದು ನನ್ನ ಬಲ ಮೊಣಕಾಲು ಸೊರಗಿದೆ, ದಣಿದಂತೆ ಎಡಗಾಲೇ ಹೆಚ್ಚು ಹೊರುತ್ತದೆ. ಅಂದರೆ ನಿಜಕ್ಕೂ ಸೋಲುತ್ತಿರುವಾಗ ಪರದೆ ನನ್ನನ್ನು ಹೊಗಳುತ್ತದೆ. ಕಳೆದ ವರ್ಷ ಜನವರಿಯಲ್ಲಿ ಅಣ್ಣನ ಮಗನೂ ಅವನ ಗೆಳೆಯನೂ ನನ್ನ ಮೇಲೆ ಗಾಲಿಬಿಯೆಯ ತಂತ್ರ ಪ್ರಯೋಗಿಸಿದ ದಿನ ಇದು ಚೆನ್ನಾಗಿ ಅನುಭವಕ್ಕೆ ಬಂತು. ದೇವರಕೊಲ್ಲಿ ದಾಟಿದ ಮೇಲೆ ಒಬ್ಬ ಜಿಗಿದ, ಹಿಡಿದೆ. ಅವನು ತಣ್ಣಗಾದ ಕೂಡಲೇ ಇನ್ನೊಬ್ಬ. ಮೂರನೆಯ ಬಾರಿ ಪರದೆಯಲ್ಲಿ 210 ಇತ್ತು, ತಡೆಯಬಲ್ಲೆ ಎಂದುಕೊಂಡೆ. 2018ರಲ್ಲಿ ಗುಡ್ಡ ಕುಸಿದ ಜೋಡುಪಾಲದ ಏರಿನಲ್ಲಿ ಬಲಗಾಲು ಕೈಕೊಟ್ಟಿತು. ಪರದೆ ಆಗಲೂ 205 ಎನ್ನುತ್ತಿತ್ತು. ಹುಡುಗ ಹಿಂದೆ ತಿರುಗಿ, "ಚಿಕ್ಕಪ್ಪ, ಕಾಯಬೇಕಾ?" ಎಂದು ಕೇಳಿದ. ಬೇಡ ಎಂದು ಕೈ ಬೀಸಿದೆ. ಮದೆನಾಡಿನಲ್ಲಿ ಇಬ್ಬರೂ ಕಾದು ನಿಂತಿದ್ದರು. ಎರಡೂ ಕಾಲು ಅಳೆಯುವ ಮೀಟರ್ ಇದರ ಎರಡು ಪಟ್ಟು ಬೆಲೆ. ನನ್ನ ತೋಟದ ಲೆಕ್ಕಕ್ಕೆ ಅದು ಸದ್ಯ ಎಟುಕುವುದಿಲ್ಲ. ಹಾಗಾಗಿ ದಣಿದ ಮೇಲೆ ಅಂಕಿಯಿಂದ ಹತ್ತು ಕಳೆದು ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಕೊಳ್ಳಬಹುದೇ ಎಂದು ಕೇಳುವವರಿಗೆ: ಬಯಲುಸೀಮೆಯವರು ಧೈರ್ಯವಾಗಿ ಕೊಳ್ಳಿ. ನಮ್ಮ ಕಡೆಯವರು, ದಿನವೂ ರಾತ್ರಿ ಕಾಲು ಗಂಟೆ ಕೊಡುವ ತಾಳ್ಮೆಯಿದ್ದರೆ ಕೊಳ್ಳಿ, ತಂದ ದಿನವೇ ಉಂಗುರ ಬದಲಿಸಿ. ಆ ತಾಳ್ಮೆ ಇಲ್ಲದಿದ್ದರೆ ಎದೆಬಡಿತ ಅಳೆಯುವ ಪಟ್ಟಿ ಸಾಕು, ಅದು ಇದರ ಬೆಲೆಯ ಎಂಟರಲ್ಲೊಂದು ಪಾಲಿಗೆ ಸಿಗುತ್ತದೆ. ಸೇವಾ ಕೇಂದ್ರವನ್ನು ನಂಬಿ ಮಾತ್ರ ಕೊಳ್ಳಬೇಡಿ.

ನಾಲ್ಕನೆಯ ಮಳೆಗಾಲದ ಕೊನೆಗೆ, ಸೆಪ್ಟೆಂಬರಿನ ಒಂದು ಶನಿವಾರ, ಭಾಗಮಂಡಲದಿಂದ ತಲಕಾವೇರಿಗೆ ಏರಿದೆ. ಎಂಟು ಕಿಲೋಮೀಟರ್. ಮೂರನೆಯ ಕಿಲೋಮೀಟರಿನಲ್ಲಿ ಮಳೆ ಹಿಡಿಯಿತು, ಮಂಜು ಕವಿದು ಹತ್ತು ಮಾರು ಮುಂದಿನ ರಸ್ತೆಯೂ ಕಾಣದಾಯಿತು. ಕಾಣುತ್ತಿದ್ದದ್ದು ಪರದೆಯ ಅಂಕಿ ಒಂದೇ: 198, 201, 199. ಮೂವತ್ತೊಂದು ನಿಮಿಷ ಅದು ಒಮ್ಮೆಯೂ ಖಾಲಿಯಾಗಲಿಲ್ಲ. ಮೇಲೆ ದೇವಸ್ಥಾನದ ಕಮಾನಿನ ಕೆಳಗೆ ನಿಂತು, ಚಳಿಗೆ ಮರಗಟ್ಟಿದ ಬೆರಳುಗಳಿಂದಲೇ ಮುಚ್ಚಳ ತಿರುಗಿಸಿ ನೋಡಿದೆ. ಒಳಗೆ ಒಣಗಿತ್ತು.